ಇಪ್ಪತ್ನಾಲ್ಕು ದಾಟಿದ ಹಣ್ಣು

ತಾಳಿಕೋಟೆ ಸಂತೆಯಿಂದ ತಂದೆ ತಂದ ಬುಟ್ಟಿಯಲ್ಲಿ, ಬಸ್ಸಿನ ನೂಕಾಟಕ್ಕೆ ಒಡೆದು ಹುಳಿಯೇರಿದ ದ್ರಾಕ್ಷಿಯ ವಾಸನೆ ಮೃಣಾಲಿನಿಯ ಮೂಗಿಗೆ ಹತ್ತಿದಾಗ ಆಕೆಗೆ ಏಳು ವರ್ಷ. ಹೆಂಡದ ವಾಸನೆಯೆಂದು ತಾಯಿ ಬುಟ್ಟಿಯನ್ನು ಹೊಸ್ತಿಲು ದಾಟಗೊಡದೆ ತಿಪ್ಪೆಗೆ ಚೆಲ್ಲಿಸಿದ್ದರು. ಆ ವಾಸನೆಯ ಬೆನ್ನು ಹತ್ತಿಯೇ ರಸಾಯನಶಾಸ್ತ್ರ ಓದಿದಳೋ ಏನೋ, ಇಂಡಿ ಹತ್ತಿರದ ವೈನ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಆಕೆ ಇಪ್ಪತ್ತು ವರ್ಷ ಕಳೆದಿದ್ದಳು.

ಈಗ ಅಲ್ಲಿ ಎರಡು ಸುಗ್ಗಿಯ ವೈನು ಮಾರಾಟವಾಗದೆ ಟ್ಯಾಂಕುಗಳಲ್ಲೇ ನಿಂತಿತ್ತು. ಕುಡಿಯುವವರು ಕಡಿಮೆಯಾಗಿದ್ದರು, ಇಲ್ಲಷ್ಟೇ ಅಲ್ಲ, ಹೊರದೇಶಗಳಲ್ಲೂ. ಈ ಸಲ ಹಣ್ಣು ಕೊಳ್ಳುವುದಿಲ್ಲವೆಂದು ರೈತರಿಗೆ ತಿಳಿಸುವ ಕೆಲಸವನ್ನು ಮಾಲೀಕರು ಆಕೆಗೆ ಒಪ್ಪಿಸಿದರು. ಉಳಿದವರಿಗೆಲ್ಲ ಫೋನು ಮಾಡಿದಳು. ದೇವಣಗಾಂವದ ಬಂದಗಿಸಾಬನಿಗೆ ಮಾಡಲು ಬೆರಳು ಏಳಲಿಲ್ಲ. ಆತನ ಹೊಲದಲ್ಲಿ ವೈನಿನ ದ್ರಾಕ್ಷಿಬಳ್ಳಿ ಹಚ್ಚಿಸಿದವಳು ತಾನೇ. ಗೊನೆ ಇನ್ನೂ ಎಳೆಯದಾಗಿರುವಾಗಲೇ ಅರ್ಧ ಕತ್ತರಿಸಿ ಕೆಡವಿದರೆ ಉಳಿದ ಅರ್ಧದಲ್ಲಿ ಸತ್ವ ತುಂಬುತ್ತದೆಂದು ಕಲಿಸಿದವಳೂ ತಾನೇ. ಬೆಳೆಯನ್ನು ಕೈಯಾರೆ ಮಣ್ಣಿಗೆ ಹಾಕುವ ಹುಚ್ಚನೆಂದು ಊರು ನಗುತ್ತಿದ್ದರೂ ಆತ ವರ್ಷವೂ ಕೆಡವುತ್ತಿದ್ದ.

ಫೆಬ್ರವರಿಯ ಒಂದು ಬೆಳಿಗ್ಗೆ ಆಕೆ ಖುದ್ದಾಗಿ ಆತನ ಹೊಲಕ್ಕೆ ಹೋದಳು. ಸಕ್ಕರೆ ಅಳೆಯಲು ಬಂದಿದ್ದಾಳೆಂದೇ ತಿಳಿದ ಆತ, ಆಕೆ ಬಾಯಿ ತೆರೆಯುವ ಮೊದಲೇ ಕಣ್ಣಿಗಿಟ್ಟು ಸಕ್ಕರೆಯಂಶ ನೋಡುವ ಅಳತೆಯ ಗಾಜಿನ ಮೇಲೆ ಹಣ್ಣು ಹಿಂಡಿ ಮುಂದೆ ಹಿಡಿದ.

"ಇಪ್ಪತ್ನಾಲ್ಕು ದಾಟೇತಿ ನೋಡ್ರಿ, ಬಾಯಾರ."

ದಾಟಿತ್ತು. ಇಷ್ಟು ವರ್ಷಗಳಲ್ಲಿ ಇಂಥ ಹಣ್ಣು ಎಲ್ಲಿಂದಲೂ ಬಂದಿರಲಿಲ್ಲ. ಗಾಜನ್ನು ಕಣ್ಣಿನಿಂದ ಇಳಿಸದೆಯೇ ಆಕೆ ಸುದ್ದಿ ಹೇಳಿದಳು.

ಬಟಾಣಿಯಷ್ಟು ಸಣ್ಣ ಹಣ್ಣು, ದಪ್ಪ ಸಿಪ್ಪೆ, ಬಾಯಿ ತುಂಬ ಬೀಜ. ಸಂತೆಯಲ್ಲಿ ಯಾರಿಗೂ ಬೇಡ. ಒಣಗಿಸಿದರೆ ಬೀಜವಷ್ಟೇ ಉಳಿಯುತ್ತದೆ. ಅದನ್ನು ಇಬ್ಬರೂ ಬಲ್ಲರು. ನಾಸಿಕದ ವೈನ್ ಕಾರ್ಖಾನೆಗಳಲ್ಲೂ ಕೇಳಿ ನೋಡಿದೆ, ಅಲ್ಲಿಯೂ ಇದೇ ಗತಿ ಎಂದಳು.

"ಫ್ರಾನ್ಸಿನಾಗ ಸುದ್ದಾ ಬಳ್ಳಿ ಕೀಳಾಕತ್ತಾರ, ಬಂದಗಿಸಾಬ್ರ."

"ಕಿತ್ತ ಮ್ಯಾಲ ಅಲ್ಲಿ ಏನ್ ಹಚ್ಚತಾರ್ರಿ?"

ಆಕೆ ಗಾಜನ್ನು ಒರೆಸಿ ಆತನಿಗೆ ಮರಳಿಸಿದಳು.

ಆತ ಬದುವಿನ ಮೇಲೆ ಕುಳಿತ. "ನಾ ಒಂದ ಹನಿ ಕುಡದಾಂವಲ್ಲ. ಹೆಂಗಿರ್ತಿತ್ರಿ, ನನ್ನ ಹಣ್ಣಿಂದು?"

"ನಾನೂ ನುಂಗಿದಾಕಿ ಅಲ್ರಿ. ಬಾಯಾಗ ಹಾಕ್ಕೊಂಡು ಉಗುಳೂದ ನನ್ನ ಕೆಲಸ. ನಿಮ್ಮದು ಉಗುಳಾಕ ಮನಸ ಬರ್ತಿರಲಿಲ್ಲ."

ಆತ ನಕ್ಕಂತೆ ಮಾಡಿದ. ನಗೆ ಪೂರಾ ಆಗಲಿಲ್ಲ. ಎದ್ದು, ನಾಳೆ ಕೊಯ್ಲಿಗೆ ಬರುವ ಹೆಂಗಸರಿಗೆ ಬೇಡವೆಂದು ಹೇಳಲು ಊರ ಕಡೆ ನಡೆದ. ಟ್ರ್ಯಾಕ್ಟರಿನವನಿಗೂ ಹೇಳಿಬರುತ್ತೇನೆ, ಬೇರು ಸಮೇತ ತೆಗೆಸಿಬಿಡುವುದೇ ಒಳ್ಳೆಯದು ಎಂದು, ತಿರುಗಿ ನೋಡದೆ ಅಂದ. ಸಾಲುಗಳ ತುಂಬ ಕಪ್ಪು ಗೊನೆಗಳು ತೂಗುತ್ತಿದ್ದವು. ಮೃಣಾಲಿನಿಗೆ ಹೋಗಲೂ ಆಗಲಿಲ್ಲ, ಇರಲೂ ಆಗಲಿಲ್ಲ.

ಆತನ ಹೆಂಡತಿ ಜೈತುನಬಿ ಹೊಲದಂಚಿನ ಗುಡಿಸಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ ಒಲೆ ಹೊತ್ತಿಸಿದಳು. ಸ್ವಲ್ಪ ಹೊತ್ತಿಗೆ ಎರಡು ಬಿಸಿ ರೊಟ್ಟಿ, ಈ ಬ್ರಾಹ್ಮಣರ ಹೆಣ್ಣುಮಗಳು ತಿನ್ನುವುದಿಲ್ಲವೆಂದು ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕದೆ ಮಾಡಿದ ಕಡಲೆಹಿಟ್ಟಿನ ಝುಣಕ, ಒಂದು ಬಟ್ಟಲು ಮೊಸರು ತಾಟಿನಲ್ಲಿಟ್ಟು ತಂದು ಆಕೆಯ ಕೈಗೆ ಕೊಟ್ಟಳು.