ಗಾಡಿಯ ಎಣ್ಣೆ ಗಾಡಿಯಲ್ಲೇ ಇರಲಿ

ಹೂಲಿಯ ಲಾಲಸಾಬನ ಮೂರು ಗಾಲಿಯ ಟಂಟಂ ಗಾಡಿಗೆ ವಯಸ್ಸಾಗಿದೆ. ಸವದತ್ತಿಗೆ ನಾಲ್ಕು ದಿನ ಓಡಾಡಿದರೆ ಸಾಕು, ಇಂಜಿನ್ ಆಯಿಲ್ ಕಡಿಮೆಯಾಗುತ್ತದೆ. ಇಂಥ ಗಾಡಿಗಳು ನಿಮ್ಮ ಊರಲ್ಲೂ ಇವೆ. ಬೇಕಾಗುವುದು ಸ್ವಲ್ಪ, ಅದಕ್ಕೆ ಡಬ್ಬಿ ಯಾಕೆ ಎಂದು ಎಲ್ಲರೂ ಮಾಡುವುದನ್ನೇ ಅವನೂ ಮಾಡುತ್ತಿದ್ದ. ಅಡುಗೆಮನೆಯಲ್ಲಿ ಖಾಲಿಯಾದ ಕುಸುಬಿ ಎಣ್ಣೆಯ ಬಾಟಲಿ ಒಯ್ದು, ಅಂಗಡಿಯಲ್ಲಿ ಬಿಡಿ ಆಯಿಲ್ ತುಂಬಿಸಿಕೊಂಡು ಬರುತ್ತಿದ್ದ.

ಚಳಿಗಾಲದಲ್ಲಿ ಅವನದು ಇನ್ನೊಂದು ರೂಢಿ. ಬೆಳಿಗ್ಗೆ ಆಯಿಲ್ ಗಟ್ಟಿಯಾಗಿ ಬೇಗ ಇಳಿಯುವುದಿಲ್ಲವೆಂದು ಬಾಟಲಿಯನ್ನು ಬಚ್ಚಲೊಲೆಯ ಪಕ್ಕದಲ್ಲಿಡುತ್ತಿದ್ದ. ಹಂಡೆಯ ನೀರಿನ ಜೊತೆ ಅದೂ ಬೆಚ್ಚಗಾಗುತ್ತಿತ್ತು.

ಈ ಸಲ ಆ ಒಲೆಯ ಪಕ್ಕಕ್ಕೆ ಅಂಥದೇ ಎರಡನೇ ಬಾಟಲಿಯೂ ಬಂದಿತ್ತು. ಮಗಳು ಉಜ್ಮಾ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸಿಗೆ ಇಪ್ಪತ್ತೊಂದು ದಿನ. ಅದರ ಮೈಗೆ ಹಚ್ಚುವ ಕುಸುಬಿ ಎಣ್ಣೆಯನ್ನು ಲಾಲಸಾಬನ ತಾಯಿ ಮದರಬಿ ಅಲ್ಲೇ ಬೆಚ್ಚಗೆ ಇಡುತ್ತಿದ್ದಳು. ಓಣಿಯ ಅರ್ಧ ಮಕ್ಕಳು ಮದರಬಿಯ ಕಾಲ ಮೇಲೆ ಮಲಗಿ ಎರೆಸಿಕೊಂಡವರೇ. ಈಗ ಮರಿಮಗುವಿಗೆ ಎರೆಯುವ ಭಾಗ್ಯ ಸಿಕ್ಕಿದ್ದಕ್ಕೆ ಮುದುಕಿಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಆವತ್ತು ಕೂಸಿನ ತೂಕ ನೋಡಲು ಆಶಾ ಕಾರ್ಯಕರ್ತೆ ಕೃಷ್ಣವ್ವ ಬಂದಾಗ, ಮದರಬಿ ಆಗಲೇ ಅದರ ಕೈಕಾಲಿಗೆಲ್ಲ ಎಣ್ಣೆ ತಿಕ್ಕಿದ್ದಳು. ಕಿವಿಗೆ ಎರಡು ಹನಿ ಬಿಡಲು ಕೈ ಎತ್ತಿದ್ದಳು. ಕೃಷ್ಣವ್ವನ ಮೂಗಿಗೆ ಗ್ಯಾರೇಜಿನ ವಾಸನೆ ಬಡಿಯಿತು. ಓಡಿ ಬಂದು ಮುದುಕಿಯ ಕೈ ಹಿಡಿದಳು. ಆ ಕೈಯಲ್ಲಿದ್ದದ್ದು ಗಾಡಿಯ ಆಯಿಲ್. ಮದರಬಿಗೆ ನಾಲ್ಕು ದಿನದಿಂದ ನೆಗಡಿ, ವಾಸನೆ ಗೊತ್ತಾಗಿರಲಿಲ್ಲ.

ಬೆಚ್ಚಗಿನ ನೀರು, ಸಾಬೂನಿನಿಂದ ಕೂಸಿನ ಮೈ ತೊಳೆದರು. ಬಟ್ಟೆ ಸುತ್ತಿ, ಆ ಬಾಟಲಿಯನ್ನೂ ಹಿಡಿದುಕೊಂಡು, ಅದೇ ಟಂಟಂನಲ್ಲಿ ಸವದತ್ತಿಯ ದವಾಖಾನೆಗೆ ಓಡಿದರು. ಡಾಕ್ಟರು ಬಾಯಿ, ಮೂಗು, ಉಸಿರು ಎಲ್ಲ ನೋಡಿದರು. ಚರ್ಮ ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ಆಯಿಲ್ ಬಾಯಿ, ಮೂಗಿನಿಂದ ಒಳಗೆ ಹೋಗಿ ಶ್ವಾಸಕೋಶಕ್ಕೆ ಇಳಿದಿದ್ದರೆ ಜೀವಕ್ಕೇ ಕುತ್ತಾಗುತ್ತಿತ್ತು ಎಂದರು. ಯಾರಾದರೂ ಇದನ್ನು ಕುಡಿದರೆ ವಾಂತಿ ಮಾಡಿಸಬಾರದು, ಮಾಡಿಸಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಸೀದಾ ದವಾಖಾನೆಗೆ ತರಬೇಕು ಎಂದೂ ಹೇಳಿದರು.

ಮನೆಗೆ ಬಂದ ಮೇಲೆ ಲಾಲಸಾಬನ ಹೆದರಿಕೆ ಸಿಟ್ಟಾಯಿತು. ಸಿಟ್ಟು ತಾಯಿಯ ಮೇಲೆ ಹರಿಯಿತು.

"ಇಪ್ಪತ್ತ ವರ್ಷದಿಂದ ಬಾಟ್ಲಿಯಾಗ ಆಯಿಲ್ ತರತೇನಿ, ಏನೂ ಆಗಿಲ್ಲ. ನಿನಗ ಕಣ್ಣ ಕಾಣೂದಿಲ್ಲ. ಇನ್ನ ಮ್ಯಾಲ ಕೂಸಿನ್ನ ಮುಟ್ಟಬ್ಯಾಡ."

ಮದರಬಿ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅದನ್ನು ನೋಡಿದ ಕೃಷ್ಣವ್ವ ಒಳಗೆ ಹೋದಳು. ಅವಳು ಎರಡೂ ಬಾಟಲಿ ತಂದು ಕಟ್ಟೆಯ ಮೇಲೆ ಜೋಡಿಸಿಟ್ಟಳು.

"ಲಾಲಸಾಬಣ್ಣಾ, ನಿಮ್ಮ ಕಣ್ಣ ಚಲೋ ಅದಾವಲ್ಲ. ಮೂಸಬ್ಯಾಡ್ರಿ, ಮುಟ್ಟಬ್ಯಾಡ್ರಿ. ಇದರಾಗ ಗಾಡಿದ್ ಯಾವುದು, ತೋರಸ್ರಿ."

ಅದೇನು ಮಹಾ ಎಂಬಂತೆ ಅವನು ಎಡಗಡೆಯದನ್ನು ತೋರಿಸಿದ. ಕೃಷ್ಣವ್ವ ಮುಚ್ಚಳ ತೆಗೆದು ಅವನ ಮೂಗಿಗೆ ಹಿಡಿದಳು. ಅದು ಕುಸುಬಿ ಎಣ್ಣೆ.

"ಅಜ್ಜಿ ಕಣ್ಣಿಂದು ತಪ್ಪಲ್ರಿ ಅಣ್ಣಾ. ತಿನ್ನೂ ಎಣ್ಣಿ ಬಾಟ್ಲಿಯಾಗ ಗಾಡಿ ಆಯಿಲ್ ತುಂಬಿದ್ದು ತಪ್ಪ."

ಲಾಲಸಾಬ ತಗ್ಗಿದ ದನಿಯಲ್ಲಿ, ತನಗೆ ಬೇಕಾಗುವುದೇ ಸ್ವಲ್ಪ, ಏನು ಮಾಡಲಿ ಎಂದು ಕೇಳಿದ. ಸೀಲ್ ಮಾಡಿದ ಸಣ್ಣ ಡಬ್ಬಿಯೂ ಸಿಗುತ್ತದೆ ಎಂದಳು ಕೃಷ್ಣವ್ವ. ಯಾವ ಆಯಿಲ್ ಎಂದು ಅದರ ಮೇಲೆ ಬರೆದಿರುತ್ತದೆ. ಬಿಡಿ ಆಯಿಲ್‌ನಲ್ಲಿ ಏನು ಬೆರೆಸಿದರೂ ತಿಳಿಯುವುದಿಲ್ಲ. ಉಳಿದದ್ದನ್ನು ಅದೇ ಡಬ್ಬಿಯಲ್ಲಿ ಮುಚ್ಚಳ ಬಿಗಿದು ಗಾಡಿಯಲ್ಲೇ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಒಲೆಯ ಹತ್ತಿರವಂತೂ ತರಲೇಬಾರದು, ಅದು ಬೆಂಕಿ ಹಿಡಿಯುವ ವಸ್ತು. ಮದರಬಿಗೂ ಒಂದು ಮಾತು ಹೇಳಿದಳು: ಯಾವ ಎಣ್ಣೆಯನ್ನೂ ಕೂಸಿನ ಕಿವಿಗೆ, ಮೂಗಿಗೆ ಬಿಡಬಾರದು. ನಮ್ಮತ್ತೆ ಬಿಡುತ್ತಿದ್ದಳಲ್ಲ ಎಂದು ಮುದುಕಿ ಗೊಣಗಿದರೂ ತಲೆಯಾಡಿಸಿದಳು.

ಮೂರು ದಿನಕ್ಕೆ ಕೂಸಿನ ಮೈಯ ಕೆಂಪು ಇಳಿಯಿತು. ನಾಲ್ಕನೇ ದಿನ ಬೆಳಿಗ್ಗೆ ಲಾಲಸಾಬ ಕೂಸನ್ನು ತಾನೇ ಎತ್ತಿ ತಂದು ತಾಯಿಯ ಕಾಲ ಮೇಲೆ ಮಲಗಿಸಿದ.

"ಅಮ್ಮಾ, ತಪ್ಪ ನಂದು. ಕೂಸಿಗೆ ನೀನ ಎರಿ."

ಮದರಬಿ ತಂಬಿಗೆಯಲ್ಲಿ ನೀರು ತೋಡಿಕೊಂಡಳು. ಬೆಚ್ಚಗಿನ ನೀರು ಬಿದ್ದೊಡನೆ ಕೂಸು ಆಕಳಿಸಿ ಕಣ್ಣು ಮುಚ್ಚಿತು. ಮುದುಕಿ ಅಳುತ್ತಲೇ ಎರೆದಳು.

ಓದಿದವರೇ, ಕೇಳಿದವರೇ, ಈಗಲೇ ಎದ್ದು ನಿಮ್ಮ ಮನೆಯ ಗೂಡು, ಕಿಟಕಿ, ಬಚ್ಚಲು ನೋಡಿ. ನೀರಿನ, ಅಡುಗೆ ಎಣ್ಣೆಯ, ಔಷಧದ ಬಾಟಲಿಯಲ್ಲಿ ಗಾಡಿಯ ಆಯಿಲ್ ಇದ್ದರೆ ಇವತ್ತೇ ತೆಗೆಯಿರಿ. ಗಟಾರಕ್ಕೆ ಸುರಿಯಬೇಡಿ, ಗ್ಯಾರೇಜಿಗೆ ಕೊಡಿ. ಮುಂದಿನ ಸಲ ಸೀಲ್ ಡಬ್ಬಿಯನ್ನೇ ಕೇಳಿ. ಪ್ರೀತಿಯಿಂದ ಎಣ್ಣೆ ಹಚ್ಚುವ ಒಂದು ಜೀವ ನಿಮ್ಮ ಮನೆಯಲ್ಲೂ ಇದೆ. ಆ ಕೈಗೆ ವಿಷ ಸಿಗುವಂತೆ ಇಟ್ಟು, ಆಮೇಲೆ ಆ ಕೈಯನ್ನೇ ದೂರಬೇಡಿ.