ಮುಂಬಾಗಿಲಿಗೆ ದೋಣಿ

ಕಾಗದದ ಹೂವಿನ ಗಿಡದ ತುದಿ ಮಾತ್ರ ನೀರಿನ ಮೇಲಿದೆ, ಅಂದರೆ ಇದು ಪಕ್ಕದ ಮನೆಯ ಪ್ರಸನ್ನ ಅವರ ಕಾಂಪೌಂಡು, ಅಲ್ಲಿ ಅವರ ಬಿಳಿ ಕಾರಿನ ನೆತ್ತಿ, ಅದರ ಮೇಲೊಂದು ನಾಯಿ ಕುಳಿತು ನಮ್ಮನ್ನೇ ನೋಡುತ್ತಿದೆ — ನೋಡಪ್ಪ ನೋಡು, ನಮ್ಮದೂ ನಿನ್ನದೇ ಪಾಡು — ರಾತ್ರಿಯೆಲ್ಲ ಸುರಿದ ಮಳೆ ಈಗ ಏನೂ ಅರಿಯದ ಹಾಗೆ ನಿಂತಿದೆ, ಎಳೆಬಿಸಿಲು ಬೇರೆ, ನನ್ನೆದುರು ಮಲಗಿಸಿರುವ ಇವರ ಬಲಗೈ ರಬ್ಬರ್ ದೋಣಿಯ ಅಂಚಿನಿಂದ ಇಳಿದು ನೀರಿನಲ್ಲಿದೆ, ಉಂಗುರದ ಬೆರಳು ನೀರಿನ ಮೇಲೆ ಗೆರೆ ಎಳೆಯುತ್ತಾ ಬರುತ್ತಿದೆ. ಹತ್ತಿಸುವಾಗ ಕಣ್ಣು ತೆರೆದಿದ್ದರು, ದೋಣಿ ಕಂಡು ತುಟಿಯಂಚಿನಲ್ಲಿ ನಕ್ಕರು ಕೂಡ, ಕೈಯನ್ನು ತಾವೇ ಇಳಿಬಿಟ್ಟರು, ನಾನು ನೋಡಿದ್ದೇನೆ, ತಾವೇ ಬಿಟ್ಟದ್ದು. ಅಮ್ಮ, ಅಲ್ಲಾಡ್ಬೇಡಿ, ಹಂಗೇ ಕೂತ್ಕೊಳ್ಳಿ, ಎನ್ನುತ್ತಾನೆ ಪಂಚಾಕ್ಷರಿ, ಎದೆಮಟ್ಟದ ನೀರಿನಲ್ಲಿ ನಡೆಯುತ್ತಾ ಹಿಂದಿನಿಂದ ದೋಣಿ ತಳ್ಳುತ್ತಿರುವವನು, ಮೇನ್ ರೋಡಲ್ಲಿ ಆಂಬುಲೆನ್ಸ್ ರೆಡಿ ಇದೆ ಅಮ್ಮ, ನಿಮ್ಮ ಮಗಳೂ ಅಲ್ಲೇ ಇದಾರೆ — ತನ್ಮಯಿ ಮೆಟ್ರೊ ಕಂಬದ ಕೆಳಗೆ ಆಕ್ಸಿಜನ್ ಇಟ್ಟುಕೊಂಡು ಕಾಯುತ್ತಿದ್ದಾಳೆ, ಅಲ್ಲಿಗೆ ಮುಟ್ಟಿದರೆ ಸಾಕು, ದೇವರೇ, ಅಲ್ಲಿಗೆ ಮುಟ್ಟಿಸಿಬಿಡು — ಮೊದಲು ಕರೆಂಟು ಹೋಯಿತು, ಆಮೇಲೆ ಯುಪಿಎಸ್ಸು, ಆಮೇಲೆ ಇವರಿಗೆ ಉಸಿರು ಕೊಡುತ್ತಿದ್ದ ಯಂತ್ರ, ಅದರ ಗುರಗುರಕ್ಕೆ ನಿದ್ದೆಯೇ ಬರುವುದಿಲ್ಲವೆಂದು ಎಷ್ಟು ಗೊಣಗಿದ್ದೆ, ಅದು ನಿಂತಾಗ ಮನೆ ಹಾಳುಬಿದ್ದಂತಾಯಿತು.

ಇವರ ಕಾರ್ಖಾನೆಯಲ್ಲಿ ಎಲ್ಲರಿಗೂ ಪ್ರವಾಸಕ್ಕೆಂದು ಎಲ್‌ಟಿಸಿ ಸಿಕ್ಕರೆ ಕಾಶಿ, ತಿರುಪತಿ, ಊಟಿ, ಈ ಮಹಾರಾಯರಿಗೆ ಮಾತ್ರ ಹೊಳೆದಂಡೆಯ ಊರೇ ಆಗಬೇಕು, ದೋಣಿ ಜಯಸಿಂಹ ಎಂದೇ ಹೆಸರು ಬಿದ್ದಿತ್ತು, ಹೊನ್ನಾವರ, ಆನೆಗೊಂದಿ, ತಲಕಾಡು, ರಾಜಮಂಡ್ರಿ, ಬಸ್ಸು ನಮ್ಮನ್ನ ಊರಿನ ಹಿತ್ತಲಲ್ಲಿ ಇಳಿಸುತ್ತೆ ಕಣೇ ಪ್ರಭಾ, ದೋಣಿ ಮುಂಬಾಗಿಲಿಗೇ ಕರ್ಕೊಂಡು ಹೋಗುತ್ತೆ, ಎನ್ನುತ್ತಿದ್ದರು, ಅದೂ ನಿಜವೇ, ಊರೆಲ್ಲ ಹೊಳೆಗೆ ಮುಖ ಮಾಡಿ ಕುಳಿತಿರುತ್ತಿತ್ತು, ಮೆಟ್ಟಿಲು, ಬಟ್ಟೆ ಒಗೆಯುವ ಸದ್ದು, ಗುಡಿಯ ಗಂಟೆ, ಯಾವೂರಮ್ಮ ನಿಮ್ದು ಎಂದು ಕೇಳುವ ಹೆಂಗಸರು, ಇವರದು ಮಾತ್ರ ಯಾವ ದೋಣಿ ಹತ್ತಿದರೂ ಕೈ ನೀರಿನಲ್ಲೇ, ರೀ, ಮೊಸಳೆ ಇದಾವಂತೆ, ಕೈ ತೆಗೀರಿ ಅಂತ ನಾನು ಬೈಯಬೇಕು, ಬೈಗುಳಕ್ಕೇ ಕಾದಿದ್ದವರ ಹಾಗೆ ಅಂಗೈ ತುಂಬ ನೀರೆತ್ತಿ ನನ್ನ ಮುಖಕ್ಕೆ ಎರಚಬೇಕು, ಹರಿಗೋಲಿನವನು ಮುಖ ತಿರುಗಿಸಿ ನಗಬೇಕು, ಒಂದು ಸಲವೂ ತಪ್ಪಿದ್ದಿಲ್ಲ, ಹೊನ್ನಾವರದಲ್ಲಿ ಹೊಸ ಸೀರೆ ನೆನೆದು ಊಟದ ತನಕ ಮಾತು ಬಿಟ್ಟಿದ್ದೆ. ರಿಟೈರ್ ಆದ್ಮೇಲೆ ಶ್ರೀರಂಗಪಟ್ಟಣದಿಂದ ಹರಿಗೋಲಲ್ಲೇ ಹೋಗೋಣ ಕಣೇ, ಊರೂರಲ್ಲಿ ಇಳ್ಕೊಂಡು, ಎಂದಿದ್ದರು, ಅಷ್ಟರಲ್ಲಿ ಶ್ವಾಸಕೋಶ ಕೈಕೊಟ್ಟಿತು, ಹೊಳೆಯಿಲ್ಲದಿದ್ದರೆ ಬೇಡ, ಮಹಡಿಯಿಂದ ಕೆರೆಯಾದರೂ ಕಾಣಲಿ ಎಂದು ಕುಂದಲಹಳ್ಳಿಯ ಈ ತಗ್ಗಿನಲ್ಲಿ ಮನೆ ಕೊಂಡರು, ಈಗ ನೋಡಿ, ಕೆರೆಯೇ ನಮ್ಮನ್ನು ನೋಡಲು ಬಂದಿದೆ.

ಎದ್ದು ನೋಡಿ ನಿಮ್ಮ ಕೊನೆಯ ಊರು — ಥೂ, ಬಾಯಿಗೆ ಬೆಂಕಿ ಹಾಕ, ಕೊನೆಯ ಅನ್ನಬಾರದು — ನಮ್ಮೂರನ್ನು ದೋಣಿಯಿಂದ ನೋಡಿ, ಇದಕ್ಕೆ ಮುಂಬಾಗಿಲೇ ಇಲ್ಲ, ಬರೀ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು, ಮುಳುಗಿದ ಜನರೇಟರು, ತೇಲುವ ಹಾಲಿನ ಪ್ಯಾಕೆಟ್ಟು, ಚರಂಡಿಯ ನಾತ, ಬಾಲ್ಕನಿಯಲ್ಲಿ ಯಾರೋ ಮೊಬೈಲ್ ಹಿಡಿದು ನಮ್ಮನ್ನು ವಿಡಿಯೊ ಮಾಡುತ್ತಿದ್ದಾರೆ, ಯಾವೂರಮ್ಮ ಎಂದು ಒಬ್ಬರೂ ಕೇಳುವುದಿಲ್ಲ, ಇವರ ಎದೆಯ ಮೇಲಿನ ಹೊದಿಕೆ ಏಳುತ್ತಿದೆ, ಇಳಿಯುತ್ತಿದೆ, ಏಳುತ್ತಿರುವುದು ಎದೆಯೋ ದೋಣಿಯೋ, ನೋಡಬಾರದು, ಬೆರಳನ್ನು ನೋಡಬೇಕು, ಬೆರಳು ಗೆರೆ ಎಳೆಯುತ್ತಿದೆ. ಅಮ್ಮ, ಸಾರ್ ಕೈ ಒಳಗೆ ತಗೊಳ್ಳಿ, ಮುಂದೆ ಗೇಟಿದೆ, ತಗಲುತ್ತೆ. ತಗೊಳ್ಳಬಹುದು, ಬಗ್ಗಿದರೆ ಸಿಗುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ, ನೀರಿನಿಂದ ತಣ್ಣಗಾಯಿತು ಎಂದು ಎಷ್ಟು ಹೊತ್ತು ನಂಬಲಿ, ಮುಟ್ಟಲಾರೆ, ನನಗೆ ಹೆದರಿಕೆ, ಬೈಯುತ್ತೇನೆ, ಬೈದರೆ ತೆಗೆಯುತ್ತಾರೆ, ಯಾವತ್ತೂ ತೆಗೆದಿದ್ದಾರೆ. ಕೈ ತೆಗೀರಿ. ಮೆಲ್ಲಗೆ ಅಂದೆ, ಅದಕ್ಕೇ ಕೇಳಿಸಿಲ್ಲ. ರೀ, ಕೈ ತೆಗೀರಿ ಅಂದ್ನಲ್ಲ, ಗಲೀಜು ನೀರು! ಅಮ್ಮ, ಎಂದ ಪಂಚಾಕ್ಷರಿ, ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಹಿಡಿದುಕೊಂಡೆ, ಕಣ್ಣು ಮುಚ್ಚಿದೆ, ಮುಖ ಮುಂದಕ್ಕೆ ಚಾಚಿದೆ, ಎರಚಿ, ಚರಂಡಿ ನೀರಾದರೂ ಸರಿ, ಸೀರೆ ನೆನೆಯಲಿ, ಈ ಸಲ ಮಾತು ಬಿಡುವುದಿಲ್ಲ, ಎರಚಿ — ಬಿಸಿಲು ಕೆನ್ನೆಗೆ ತಾಗುತ್ತಿದೆ, ಕೆನ್ನೆ ಒಣಗಿಯೇ ಇದೆ, ಗೇಟಿನ ಕಂಬಿಗೆ ಉಂಗುರ ಟಣ್ ಎಂದಿತು, ಕೈ ನೀರಿನಲ್ಲಿದೆ, ಕೆನ್ನೆ ಒಣಗಿದೆ, ಕೈ ನೀರಿನಲ್ಲಿದೆ, ಕೈ ನೀರಿನಲ್ಲೇ ಇದೆ