ಎಲ್ಲರೂ ಅತ್ತಿಗೆಯಾದ ಕಾರ್ಖಾನೆ

ಆಸ್ಪತ್ರೆಗೆ ಹೊಲಿದು ಕಳಿಸಿದ್ದ ಬಿಳಿ ಕೋಟುಗಳು ಅಷ್ಟೂ ವಾಪಸ್ ಬಂದವು. ಕಟಿಂಗ್ ಮಾಸ್ಟರ್ ಒಂದನ್ನು ತೊಟ್ಟು ಕೈ ಚಾಚಿದ. ತೋಳು ಬೆರಳ ತುದಿಯನ್ನೂ ದಾಟಿ ಇಳಿಬಿದ್ದಿತ್ತು.

"ಕೋಟಿನ ಜೊತೆ ಗವಸೂ ಸೇರಿಸಿ ಹೊಲಿದಿದ್ದೀರಾ ಅಂತ ಕೇಳಿದ್ರಂತೆ," ಎಂದ.

ಯಜಮಾನ ಕಂಪ್ಯೂಟರಿನ ಮುಂದೆ ಕೂತ. ಆರ್ಡರು, ಅಳತೆ, ಬಟ್ಟೆಯ ದಾಸ್ತಾನು ಎಲ್ಲವೂ ಒಂದೇ ಸಾಫ್ಟ್‌ವೇರಿನಲ್ಲಿತ್ತು. ಅಳತೆಯ ಪಟ್ಟಿ ತೆರೆದು ನೋಡಿದರೆ ಮಧ್ಯಮ ಅಳತೆಯ ತೋಳಿನ ಉದ್ದವೇ ಬದಲಾಗಿತ್ತು. ಪಕ್ಕದಲ್ಲಿ ತಾರೀಖು. ಅದರ ಕೆಳಗೆ, 'ಬದಲಿಸಿದವರು: ಅತ್ತಿಗೆ.'

ಅತ್ತಿಗೆ ಎಂದರೆ ಅವನ ಹೆಂಡತಿ. ಮೊದಲು ಯಜಮಾನನ ತಮ್ಮ, ಅವಳ ಮೈದುನ, ಹಾಗೆ ಕರೆಯುತ್ತಿದ್ದ. ಅವನನ್ನು ಕೇಳಿ ಮಾಸ್ಟರ್ ಕರೆದ. ಆಮೇಲೆ ಗುಂಡಿ ಹಚ್ಚುವವರು, ಇಸ್ತ್ರಿಯವರು, ಬಟ್ಟೆ ತರುವ ಟೆಂಪೋದವನ ತನಕ ಎಲ್ಲರಿಗೂ ಅವಳು ಅತ್ತಿಗೆಯೇ ಆದಳು. ಸಾಫ್ಟ್‌ವೇರ್ ಹಾಕಿಸಿದ ದಿನ ಅದು ಬಳಸುವವರ ಹೆಸರು ಕೇಳಿದಾಗ ಮೈದುನ ಹಿಂದೆಮುಂದೆ ನೋಡದೆ 'ಅತ್ತಿಗೆ' ಎಂದು ಬರೆದಿದ್ದ. ಎಲ್ಲವನ್ನೂ ತೆರೆಯುವ, ಎಲ್ಲವನ್ನೂ ತಿದ್ದುವ ಅಧಿಕಾರ ಆ ಒಂದೇ ಹೆಸರಿಗಿತ್ತು. ಆ ಹೆಸರಿನಲ್ಲೇ ಎಲ್ಲರೂ ಒಳಗೆ ಹೋಗುತ್ತಿದ್ದರು. ಮರೆಯಬಾರದೆಂದು ಪಾಸ್‌ವರ್ಡನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ದಪ್ಪಗೆ ಬರೆದಿಟ್ಟಿದ್ದರು.

"ನಾನು ಇದನ್ನ ಮುಟ್ಟಿಲ್ಲ," ಎಂದಳು ಅವಳು.

"ಕಂಪ್ಯೂಟರ್ ಸುಳ್ಳು ಹೇಳುತ್ತಾ?" ಎಂದ ಗಂಡ.

"ತಾರೀಖು ನೋಡಿ. ಅವತ್ತು ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಬಸ್ ಹತ್ತಿಸಿದ್ದು ನೀವೇ."

"ಹಾಗಾದ್ರೆ ಫೋನಲ್ಲಿ ಏನೋ ಒತ್ತಿರ್ತೀಯ, ನಿನಗೇ ಗೊತ್ತಾಗಿರಲ್ಲ. ಹೋಗ್ಲಿ ಬಿಡು. ನಿನಗೂ ಮನೆ ಕೆಲಸ ನೂರೆಂಟು. ಇನ್ಮೇಲೆ ಅಳತೆ ಎಲ್ಲ ಮಾಸ್ಟರ್ ನೋಡ್ಕೊಳ್ಲಿ. ನೀನು ಮನೇಲಿ ಆರಾಮಾಗಿರು."

ಅವನು ಮೆತ್ತಗೆ ಹೇಳಿದ. ಗದರಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ಆ ಅಳತೆಯ ಪಟ್ಟಿ ಅವಳದು. ಟೇಪನ್ನು ಕೊರಳಿಗೆ ಹಾಕಿಕೊಂಡು ಆಸ್ಪತ್ರೆಯ ವಾರ್ಡುಗಳಲ್ಲಿ ಓಡಾಡಿ, ನರ್ಸುಗಳು ಬಗ್ಗಿದಾಗ ಬೆನ್ನು ಎಲ್ಲಿ ಬಿಗಿಯುತ್ತದೆ, ಕೈ ಎತ್ತಿದಾಗ ತೋಳು ಎಲ್ಲಿ ಎಳೆಯುತ್ತದೆ ಎಂದು ನೋಡಿ ನೋಡಿ ಮಾಡಿದ್ದು. ಕಾರ್ಖಾನೆಯ ಕಿಟಕಿಯ ಪಕ್ಕದ ತನ್ನ ಕುರ್ಚಿಯಲ್ಲಿ ಕೂತಾಗ ಮಾತ್ರ ಅವಳು ಯಾರ ಹೆಂಡತಿಯೂ ಸೊಸೆಯೂ ಆಗಿರುತ್ತಿರಲಿಲ್ಲ. ಈಗ ಗಂಡ ಅದನ್ನೇ ಬಿಟ್ಟು ಏಳು ಎನ್ನುತ್ತಿದ್ದ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಅವಳು, ನಲ್ಲಿ ನಿಲ್ಲಿಸದಿದ್ದರೆ ಅವಳು. ಅದನ್ನೆಲ್ಲ ನುಂಗಿಕೊಂಡಿದ್ದಳು. ಇದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಕೋಟುಗಳ ಜೊತೆಗೇ ಬಂದಿದ್ದ ನಾದಿನಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅದೇ ಆಸ್ಪತ್ರೆಯ ಔಷಧಿ ದಾಸ್ತಾನಿನಲ್ಲಿ ಅವಳಿಗೆ ಕೆಲಸ. ಗೋಡೆಯ ಮೇಲಿನ ಬರಹ ನೋಡಿ ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಅಣ್ಣ, ಇದೇನು ಪಾಸ್‌ವರ್ಡಾ, ಅಂಗಡಿ ಬೋರ್ಡಾ?"

"ನಾವೆಲ್ಲ ಮನೆಯವರೇ ತಾನೆ. ಒಬ್ಬರಿಗೊಬ್ಬರು ಬೀಗ ಹಾಕ್ಕೊಳೋದಾ? ನಂಬಿಕೆ ಅಂತ ಒಂದಿರುತ್ತಪ್ಪ."

"ಮಾಸ್ಟರ್, ನಿಮ್ಮ ಬಟ್ಟೆ ಕತ್ತರಿ ಸ್ವಲ್ಪ ಕೊಡಿ. ಕೋಟು ಬಂದ ಪೆಟ್ಟಿಗೆಯ ಈ ರಟ್ಟು ಕತ್ತರಿಸ್ಬೇಕು," ಎಂದು ನಾದಿನಿ ಕೈ ಚಾಚಿದಳು.

ಮಾಸ್ಟರ್ ಕತ್ತರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ. "ಅದು ಮಾತ್ರ ಆಗಲ್ಲಮ್ಮ. ಮೊಂಡಾಗುತ್ತೆ. ಯಜಮಾನ್ರಿಗೂ ಕೊಡಲ್ಲ."

"ನೋಡಿದ್ಯಾ ಅಣ್ಣ? ಅವರಿಗೆ ನಿನ್ನ ಮೇಲೆ ಅಪನಂಬಿಕೆನಾ? ಅಲ್ಲ. ಅವರವರ ಕೆಲಸಕ್ಕೆ ಅವರವರ ಕತ್ತರಿ. ಕತ್ತರಿಗಿರೋ ಮರ್ಯಾದೆ ಆ ಅಳತೆ ಪಟ್ಟಿಗಿಲ್ವಾ? ನಮ್ಮಲ್ಲಿ ಔಷಧಿ ಬಂದಿದ್ದು ಹೋಗಿದ್ದು ನಾನು ಬರೀಬಹುದು, ಡಾಕ್ಟರ ಚೀಟಿ ನೋಡಬಹುದು. ಚೀಟಿ ತಿದ್ದೋಕೆ ಹೋದ್ರೆ ಆಗೋದೇ ಇಲ್ಲ. ಡಾಕ್ಟರು ನನ್ನ ದಾಸ್ತಾನು ಮುಟ್ಟೋಕಾಗಲ್ಲ. ಎಲ್ಲರಿಗೂ ಬೇರೆ ಬೇರೆ ಲಾಗಿನ್. ಇದಕ್ಕೆ ಯಾರೂ ಮುಖ ಊದಿಸ್ಕೊಂಡಿಲ್ಲ."

"ಅದು ದೊಡ್ಡ ಆಸ್ಪತ್ರೆ. ನಮ್ಮದು ಅಂಗೈ ಅಗಲದ ಕಾರ್ಖಾನೆ."

"ಸರಿ. ಆರ್ಡರ್ ಬರ್ಕೊಳ್ತಿದ್ದೋನು ಕೆಲಸ ಬಿಟ್ಟು ಪಕ್ಕದ ಬೀದಿ ಹೊಲಿಗೆಯವರ ಹತ್ರ ಸೇರ್ಕೊಂಡ್ನಲ್ಲ. ಅವನಿಗೂ ಈ ಪಾಸ್‌ವರ್ಡ್ ಗೊತ್ತು ತಾನೆ? ಫೋನಲ್ಲೂ ತೆಗೀಬಹುದು ತಾನೆ?"

ಯಜಮಾನ ಗೋಡೆಯ ಮೇಲಿನ ಬರಹದ ಕಡೆ ನೋಡಿದ.

"ಮೀಸೆ ಬಿಟ್ಕೊಂಡು ಅಲ್ಲಿ ಕೂತಿದ್ದಾನೆ. ಇವತ್ತಿಗೂ ಅವನು ನಿನ್ನ ಕಾರ್ಖಾನೆಯ ಅತ್ತಿಗೆನೇ."

ಗುಂಡಿ ಹಚ್ಚುವವರು ಸೆರಗು ಬಾಯಿಗೆ ಒತ್ತಿಕೊಂಡರು. ಆಗ ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಮೈದುನ ತಲೆ ಕೆರೆದುಕೊಂಡ.

"ಅಲ್ಲ, ಆ ಉದ್ದ ಕೈಯ ಡಾಕ್ಟರು ಬಂದಿದ್ರಲ್ಲ, ಅತ್ತಿಗೆ ಇಲ್ಲದ ದಿನ. ಅವರ ಕೋಟಿಗೆ ಕಂಪ್ಯೂಟರ್ ಪಟ್ಟೀಲಿ ತೋಳು ಸ್ವಲ್ಪ ಉದ್ದ ಮಾಡಿದ್ದೆ. ಅವರೊಬ್ಬರಿಗೆ ಅಂತ ಮಾಡಿದ್ದು. ಅದು ಎಲ್ಲರಿಗೂ ಆಗುತ್ತೆ ಅಂತ ಯಾರಿಗೆ ಗೊತ್ತು?"

ಯಂತ್ರಗಳು ಒಂದೊಂದಾಗಿ ನಿಂತವು. ಯಜಮಾನ ತಮ್ಮನನ್ನು ನೋಡಿದ. "ಹೋಗ್ಲಿ ಬಿಡು. ಬೇಕಂತ ಮಾಡಿಲ್ವಲ್ಲ. ಇನ್ಮೇಲೆ ನೋಡಿ ಮಾಡು."

ಅವನ ಹೆಂಡತಿ ಎದ್ದು ನಿಂತಳು. ದನಿ ಏರಿಸಲಿಲ್ಲ.

"ನಾನು ಮಾಡಿದ್ದು ಅಂದ್ಕೊಂಡಾಗ ಮನೇಲಿರು ಅಂದ್ರಿ. ಅವನು ಮಾಡಿದ್ದು ಅಂತ ಗೊತ್ತಾದಾಗ ನೋಡಿ ಮಾಡು ಅಂತೀರಿ. ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂದ್ರಲ್ಲ, ಹೌದು, ಅದು ಹೇಳಲ್ಲ. ಅದರ ಬಾಯಿಗೆ ನನ್ನ ಹೆಸರು ತುರುಕಿದ್ದು ನೀವು. ತಪ್ಪು ನೂರು ಜನ ಮಾಡ್ಲಿ, ಬರೆಯೋದು ನನ್ನ ತಲೆ ಮೇಲೆ. ಇದಕ್ಕೆ ನಂಬಿಕೆ ಅಂತ ಬೇರೆ ಹೆಸರಿಡ್ತೀರಿ. ನಾನು ಮಾಡಿದ ತಪ್ಪಿಗೆ ಬೈಸ್ಕೊಳ್ತೀನಿ, ರೀ. ಬೇರೆಯವರದಕ್ಕೆ ಇನ್ನು ಸಾಧ್ಯ ಇಲ್ಲ."

ಮೈದುನ ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟ. "ಅಣ್ಣ, ನನಗೂ ಬೇರೆ ಲಾಗಿನ್ ಮಾಡ್ಸು. ಮುಟ್ಟಬಾರದ್ದು ನನ್ನ ಕೈಗೆ ಸಿಗದೇ ಇದ್ರೆ ನನಗೇ ನೆಮ್ಮದಿ."

ಯಜಮಾನ ಎದ್ದು ಕುರ್ಚಿಯನ್ನು ತಂಗಿಯತ್ತ ಸರಿಸಿದ. "ಎಲ್ಲಿಂದ ಶುರು ಮಾಡೋದು?" ಎಂದ.

ನಾದಿನಿ ಒಬ್ಬೊಬ್ಬರನ್ನೇ ಕರೆದು ಅವರ ಕೆಲಸ ಕೇಳಿದಳು. ಮಾಸ್ಟರಿಗೆ ಅಳತೆ ನೋಡುವ ಅನುಮತಿ ಸಾಕು, ತಿದ್ದುವುದು ಬೇಡ. ಮೈದುನ ಆರ್ಡರ್ ಬರೆಯಬಹುದು, ಗಿರಾಕಿಗೆ ಬೇಕಾದ ಬದಲಾವಣೆಯನ್ನು ಆ ಆರ್ಡರಿನೊಳಗೇ ಗುರುತು ಮಾಡಬಹುದು. ಇಸ್ತ್ರಿಯವರಿಗೆ ಕಳಿಸಬೇಕಾದ ಕಟ್ಟುಗಳು ಕಂಡರೆ ಆಯಿತು. ಹೊಸ ಹೆಸರು ಸೇರಿಸುವ, ತೆಗೆಯುವ ಅಧಿಕಾರ ಗಂಡಹೆಂಡಿರಿಗೆ ಮಾತ್ರ. ಅಳತೆಯ ಪಟ್ಟಿ ತಿದ್ದುವ ಅಧಿಕಾರ ಹೆಂಡತಿಗೆ. ಅವಳು ಇಲ್ಲದ ದಿನ ಯಜಮಾನ ತಿದ್ದಬಹುದು, ತನ್ನದೇ ಹೆಸರಿನಲ್ಲಿ.

"ನಿನ್ನದು ಅತ್ತಿಗೆ ಅಂತಲೇ ಇರ್ಲಿ ಅಲ್ವಾ?" ಎಂದ ಗಂಡ, ಸ್ವಲ್ಪ ನಕ್ಕು.

"ಬೇಡ. ಅದನ್ನ ಅಳಿಸಿ."

ಅವಳು ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು ತನ್ನ ಹೆಸರನ್ನು ಬರೆದಳು. ಮದುವೆಯಾದ ಮೇಲೆ ಆ ಮನೆಯಲ್ಲಿ ಯಾರೂ ಕೂಗದೇ ಇದ್ದ ಹೆಸರು. ಆಮೇಲೆ ಒದ್ದೆ ಬಟ್ಟೆ ತಂದು ಗೋಡೆಯ ಮೇಲಿನ ಸೀಮೆಸುಣ್ಣವನ್ನು ಉಜ್ಜಿದಳು. ಅಕ್ಷರ ಹೋದ ಮೇಲೂ ಉಜ್ಜುತ್ತಲೇ ಇದ್ದಳು. ಸುಣ್ಣ ಕಿತ್ತು ಬಂತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಂಗಡಿಯಲ್ಲಿ, ಸಂಘದಲ್ಲಿ, ಕಾರ್ಖಾನೆಯಲ್ಲಿ ಎಲ್ಲರೂ ಯಾರ ಹೆಸರಿನಲ್ಲಿ ಒಳಗೆ ಹೋಗುತ್ತಿದ್ದಾರೆ, ಇವತ್ತೇ ನೋಡಿ. ಪ್ರತಿಯೊಬ್ಬರಿಗೂ ಅವರದೇ ಹೆಸರು, ಅವರೊಬ್ಬರಿಗೇ ಗೊತ್ತಿರುವ ಪಾಸ್‌ವರ್ಡ್ ಕೊಡಿ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅನುಮತಿ ಕೊಡಿ. ಕೆಲಸ ಬಿಟ್ಟವರ ಲಾಗಿನ್ ಅವರು ಹೊಸ್ತಿಲು ದಾಟುವ ದಿನವೇ ಮುಚ್ಚಿ. ಕೆಲಸ ಬದಲಾದಾಗಲೆಲ್ಲ ಅನುಮತಿಯನ್ನೂ ಬದಲಿಸಿ. ಮನೆಯವರ ನಡುವೆ ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ, ತಪ್ಪಾದ ದಿನ ಮನೆಯಲ್ಲಿ ಯಾರನ್ನು ಎದ್ದು ಹೋಗು ಎನ್ನುತ್ತಾರೆ ಎಂದು ಅವರನ್ನೇ ಕೇಳಿ.